ಮನೆಗೊಂದು ಕೆಲಸ

"ಯಾರ ಮನಿ ಸೊಸಿ ನೀ?"

ಹೆಸರು ಕೇಳಲಿಲ್ಲ, ಏನು ಕೆಲಸ ಬರುತ್ತದೆ ಎಂದೂ ಕೇಳಲಿಲ್ಲ. ರಿಸಾರ್ಟಿನ ಮ್ಯಾನೇಜರು ಮೊಬೈಲಿನಿಂದ ಕಣ್ಣೆತ್ತದೆ ಮೊದಲು ಕೇಳಿದ್ದೇ ಇದನ್ನು. ದಾಂಡೇಲಿಯ ಬಸ್ಸಿಳಿದು, ಮಣ್ಣುರಸ್ತೆಯಲ್ಲಿ ಪ್ರವಾಸಿಗರ ಕಾರುಗಳು ಎಬ್ಬಿಸಿದ ಧೂಳು ಕುಡಿಯುತ್ತ ನಡೆದು ಬಂದಿದ್ದ ಶಬನಮ್ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಕುಡಿಯಲು ನೀರು ಕೇಳಬೇಕೆಂದುಕೊಂಡವಳು ಆ ದನಿ ಕೇಳಿ ಆಸೆ ಬಿಟ್ಟಳು.

"ಮಾವಿನವಾಡಾದಾಕಿ ರೀ. ಸಫಾರಿ ಜೀಪ ಓಡಸ್ತಾರಲ್ಲ ಸಲ್ಮಾನ, ಅವರ ಹೆಂಡ್ತಿ."

"ಹಂಗಾದ್ರ ಮಾವಿನವಾಡಾದ ರಿಸಾರ್ಟಿಗೆ ಹೋಗು. ಇಲ್ಲಿ ಈ ಊರಾವ್ರಿಗೇ ಕೊಟ್ಟು ಪೂರೈಸವಲ್ದು."

"ಮುಂಡಗೋಡದಾಗ ಗೆಸ್ಟ್‌ಹೌಸಿನ್ಯಾಗ ಕೆಲಸ ಮಾಡೇನ್ರಿ. ರೂಮು, ಹಾಸಗಿ, ಲಾಂಡ್ರಿ, ಎಲ್ಲಾ ಬರ್ತೈತ್ರಿ."

"ಹಂಗಾದ್ರ ಮುಂಡಗೋಡಕ್ಕ ಹೋಗು," ಎಂದು ಅವನು ತನ್ನ ಜಾಣತನಕ್ಕೆ ತಾನೇ ನಕ್ಕ. ಗಿಡಗಳಿಗೆ ನೀರು ಬಿಡುತ್ತಿದ್ದವನೂ ಪೈಪು ಹಿಡಿದುಕೊಂಡೇ ನಕ್ಕ. ಸಂಬಳ ಕೊಡುವವನು ನಕ್ಕಾಗ ನಗದಿದ್ದರೆ ಹೇಗೆ.

ಮುಂಡಗೋಡಕ್ಕೆ ಹೋಗುವಂತಿದ್ದರೆ ಅವಳು ಬಿಟ್ಟು ಬರುತ್ತಲೇ ಇರಲಿಲ್ಲ. ಅವಳ ತವರೂರು ಮುಂಡಗೋಡದ ಮಗ್ಗುಲ ಹಳ್ಳಿ ಇಂದೂರ. ಅಲ್ಲಿಂದ ದಿನಾ ಬಸ್ಸು ಹತ್ತಿ ಟಿಬೆಟಿಯನ್ ಕಾಲೊನಿಯ ಗೆಸ್ಟ್‌ಹೌಸಿಗೆ ಕೆಲಸಕ್ಕೆ ಹೋಗುತ್ತಿದ್ದಳು. ನೆಲ ಒರೆಸುವವಳಾಗಿ ಸೇರಿ, ಕೊನೆಕೊನೆಗೆ ಎಲ್ಲ ಕೋಣೆಗಳ ಬೀಗದ ಕೈ ಅವಳ ಸೊಂಟದಲ್ಲೇ ಇರುವಷ್ಟು ನಂಬಿಕೆ ಗಳಿಸಿದ್ದಳು. ಅವಳನ್ನು ನೋಡಲು ಬಂದ ಸಲ್ಮಾನ ಚಹಾ ಕುಡಿಯುತ್ತ ಹೇಳಿದ್ದ: "ನಮ್ಮ ಕಡೆ ಹೆಜ್ಜಿಗೊಂದು ರಿಸಾರ್ಟ್ ಅದಾವ. ನಿಮ್ಮಂಥಾ ಕೆಲಸಾ ಗೊತ್ತಿದ್ದಾವ್ರು ಸಿಗೂದಿಲ್ಲ ಅಂತ ಬಾಯಿ ಬಾಯಿ ಬಡಕೊಳ್ತಾರ." ಆ ಮಾತಿಗೆ ಅವಳು ಹೂಂ ಅಂದಿದ್ದಳು. ಅವನ ಮುಖಕ್ಕೂ ಸ್ವಲ್ಪ ಅಂದಿದ್ದಳು, ಸುಳ್ಳು ಯಾಕೆ. ಬೀಗದ ಕೈ ಗೊಂಚಲನ್ನು ಹಿಂತಿರುಗಿಸುವಾಗ ಅವಳಿಗೆ ಅಳುವೇನೂ ಬಂದಿರಲಿಲ್ಲ.

ರಿಸಾರ್ಟುಗಳು ಇದ್ದದ್ದು ನಿಜ. ಸಲ್ಮಾನ ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ಹೊಳೆದಂಡೆಗೆ ಮೊದಮೊದಲು ರಿಸಾರ್ಟಿನವರು ಬಂದಾಗ ಊರಿನವರು ರಸ್ತೆಗೆ ಅಡ್ಡ ಮಲಗಿದ್ದರಂತೆ. ನಮ್ಮ ದಾರಿ, ನಮ್ಮ ಹೊಳೆ, ನಮಗೇನು ಎಂದು. ಕಡೆಗೆ ಆದ ಒಪ್ಪಂದ: ಊರಿನ ಮನೆಗೊಂದು ಕೆಲಸ. ಮಾವಿನವಾಡಾದಲ್ಲಿ ಹಾಗೆ ಆದದ್ದೇ ಸುತ್ತಲಿನ ಎಲ್ಲ ಊರುಗಳಲ್ಲೂ ಅದೇ ಕಾನೂನಾಯಿತು. ನ್ಯಾಯವಾದ ಮಾತೇ. ಆದರೆ ಆವತ್ತು ಮರದ ಕೆಳಗೆ ಕೂತು ತೀರ್ಮಾನ ಮಾಡಿದ ಗಂಡಸರಲ್ಲಿ ಒಬ್ಬನಿಗೂ, ನಾಳೆ ಈ ಮನೆಗಳಿಗೆ ಸೊಸೆಯರೂ ಬರುತ್ತಾರೆ, ಅವರಿಗೂ ಎರಡು ಕೈ ಇರುತ್ತವೆ ಎಂದು ಹೊಳೆಯಲಿಲ್ಲ. ಸಲ್ಮಾನನ ಮನೆಯ ಪಾಲಿನ ಕೆಲಸದಲ್ಲಿ ಅವನ ತಂಗಿ ಕರಿಷ್ಮಾ ಆಗಲೇ ಇದ್ದಳು.

ಪರ ಊರಿನ ರಿಸಾರ್ಟುಗಳು ಮುಗಿದ ಮೇಲೆ ಶಬನಮ್ ದಾಂಡೇಲಿ ಪೇಟೆ ಹಿಡಿದಳು. ಬಟ್ಟೆ ಅಂಗಡಿಯವನು, "ಮದುವಿ ಯಾವಾಗ ಆತು?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಅವಳ ಹೊಟ್ಟೆ ನೋಡಿ, "ಒಂದು ಹಡದ ಮ್ಯಾಲೆ ಬಾ," ಅಂದ. ಕ್ಯಾಂಟೀನಿನ ಗುತ್ತಿಗೆದಾರನ ಹತ್ತಿರ ಹೋದರೆ, ಕೆಲಸ ಕಳೆದುಕೊಂಡವರೇ ಅಲ್ಲಿ ಸಾಲು ನಿಂತಿದ್ದರು. ಹೊಸಬಳ ಗುಂಗುರು ಕೂದಲು ಕಂಡು ಒಬ್ಬ ಹೆಂಗಸು, "ಇಲ್ಲೂ ಬಂದ್ರೇನು ನೀವು?" ಎಂದು ಸಾಲಿನಿಂದ ಮೊಣಕೈ ಹಾಕಿ ಹೊರಗೆ ತಳ್ಳಿದಳು. ನೀವು ಅಂದರೆ ಯಾರು ಎಂದು ಶಬನಮ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಬ್ಬ ಮಾತ್ರ ಕರೆದು ಕೂರಿಸಿದ. ಜೋಯಿಡಾ ರಸ್ತೆಯ ಹೊಸ ರಿಸಾರ್ಟಿನ ಮಾಲೀಕ. ಅದೇ ಗುಂಗುರು ಕೂದಲು ನೋಡಿ ಅವನ ಮುಖ ಅರಳಿತ್ತು.

"ಸಿದ್ದಿ ಅಲ್ಲಾ? ಚಲೋ ಆತು. ಸಂಜಿಕಡೆ ಬೆಂಕಿ ಹಾಕ್ತೀವಿ, ಗೆಸ್ಟ್‌ ಸುತ್ತ ಕುಂದ್ರತಾರ. ನಿಮ್ಮ ಡಾನ್ಸ್ ಮಾಡಬೇಕು. ಎಲಿಬಳ್ಳಿ ಡ್ರೆಸ್ ನಾವೇ ಕೊಡ್ತೀವಿ."

"ನನಗ ಡಾನ್ಸ್ ಬರಂಗಿಲ್ರಿ."

"ಸಿದ್ದಿ ಇದ್ದು ಡಾನ್ಸ್ ಬರಂಗಿಲ್ಲ?"

"ನಿಮಗ ಬರ್ತೈತೇನ್ರಿ?"

ಅಷ್ಟಕ್ಕೆ ಅಲ್ಲಿಯ ಬಾಗಿಲೂ ಮುಚ್ಚಿತು. ಬರುವಾಗ ಬಸ್ಸಿನಲ್ಲಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸೊಂಟ ಕುಣಿಸಿಬಿಟ್ಟಿದ್ದರೆ ಏನಾಗುತ್ತಿತ್ತು, ಹೊರಗೆ ಹೋಗುವುದಾದರೂ ಸಿಗುತ್ತಿತ್ತಲ್ಲ ಎನ್ನಿಸಿತು. ಮರುಗಳಿಗೆ, ಹಾಗೆ ಎನ್ನಿಸುವ ಮಟ್ಟಕ್ಕೆ ತನ್ನನ್ನು ತಂದವರೆಲ್ಲರ ಮೇಲೂ ಬಂತು.

ಮನೆಯಲ್ಲಿ ಅಂಗಳದ ತಂತಿಯ ಮೇಲೆ ಕರಿಷ್ಮಾಳ ನೀಲಿ ಯೂನಿಫಾರ್ಮು ಒಣಗುತ್ತಿತ್ತು. ಅದನ್ನು ಬೆಳಿಗ್ಗೆ ಒಗೆದು ಹಾಕಿದವಳು ಶಬನಮ್. ಕರಿಷ್ಮಾ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಮನೆಗೆ ತಗಡು ಹೊದಿಸಿದ್ದು ತನ್ನ ದುಡಿಮೆಯಲ್ಲಿ, ಅಮ್ಮನ ಕಣ್ಣಿನ ಆಪರೇಷನ್ನು ತನ್ನ ದುಡಿಮೆಯಲ್ಲಿ ಎಂಬುದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೂತ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

"ಸಿಕ್ತೇನ ಭಾಬಿ?"

"ಇಲ್ಲ."

"ಸಿಗೂದಿಲ್ರಿ. ನೀವು ಅಲ್ಲಿ ಸನ್ಯಾಸಿಗಳ ಹಾಸಗಿ ಹಾಸಿದಾವ್ರು. ಇಲ್ಲಿ ಬರೂ ಗೆಸ್ಟೇ ಬ್ಯಾರೆ."

ಶಬನಮ್ ಅದನ್ನು ನುಂಗಿಕೊಂಡು ಕೇಳಿದಳು: "ನಿಮ್ಮ ಲಾಂಡ್ರಿಯಾಗ ಒಂದು ಜಾಗಾ ಖಾಲಿ ಐತಿ ಅಂತಲ್ಲ. ಊರಾಗ ಎಲ್ಲಾ ಮನಿಗೂ ಒಂದೊಂದು ಕೆಲಸಾ ಆಗೇತಿ, ಇನ್ನ ಇದ್ದ ಮನಿಯಿಂದಾನ ತಗೋಬೇಕು. ರೋಹಿತ ಸರ್‌ಗೆ ಒಂದು ಮಾತು ಹಾಕು ಕರಿಷ್ಮಾ. ನಿನಗ ಕೈ ಮುಗೀತೇನಿ."

"ಕೈ ಯಾಕ ಮುಗೀತೀರಿ. ಕೇಳ್ತೇನಿ," ಎಂದಳು ಕರಿಷ್ಮಾ, ಉಗುರಿಗೆ ಊದಿಕೊಳ್ಳುತ್ತ.

ಶಬನಮ್ ಕಾದಳು. ಕಾಯುತ್ತ ಕಾಯುತ್ತ ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ಬಡಿದಳು, ನಾದಿನಿಯ ಡಬ್ಬಿಗೆ ಪಲ್ಯ ತುಂಬಿದಳು, ಯೂನಿಫಾರ್ಮಿಗೆ ಇಸ್ತ್ರಿ ಮಾಡಿದಳು. ಕೇಳಿದರೆ "ಸರ್ ಇನ್ನೂ ಹೇಳಿಲ್ಲ" ಎಂಬುದೇ ಉತ್ತರ. ಕಡೆಗೆ ಒಂದು ದಿನ ತಾನೇ ಹೋಗಿ ರಿಸಾರ್ಟಿನ ಗೇಟಿನಲ್ಲಿ ನಿಂತಳು. ಕಾವಲಿಗಿದ್ದ ಇನಾಸ, ಊರಿನ ಹಿರಿಯ ಮನುಷ್ಯ, ಒಳಗೆ ಬಿಟ್ಟ.

ಮ್ಯಾನೇಜರ್ ರೋಹಿತನಿಗೆ ಆಶ್ಚರ್ಯವೇ ಆಯಿತು. "ಲಾಂಡ್ರಿ ಜಾಗಾ ತುಂಬಿ ಬಾಳ ದಿನಾ ಆತಲ್ಲವಾ. ನಿಮ್ಮ ಮನಿಯಾಗ ಒಬ್ಬಾಕಿ ಇದ್ದರೂ ತಗೋಬಹುದಿತ್ತು, ಊರಾಗ ಬ್ಯಾರೆ ಮನಿ ಉಳಿದಿರಲಿಲ್ಲ. ನಿಮ್ಮ ಭಾಬಿನ್ನ ತಗೋಳ್ಳೇನು ಅಂತ ನಾನೇ ಕರಿಷ್ಮಾಗ ಕೇಳಿದೆ. ಬ್ಯಾಡ್ರಿ, ಭಾಬಿಗೆ ಕೆಲಸದ ಗರಜಿಲ್ಲ ಅಂದ್ಲು. ಅದಕ್ಕ ಸಾಂಬ್ರಾಣಿ ಊರಿನಾಕಿನ್ನ ತಗೊಂಡೆ."

ಶಬನಮ್ ಮನೆಗೆ ಬಂದು ಒಲೆ ಮುಂದೆ ಕೂತಳು. ಅತ್ತೆ ಏನೋ ಕೇಳಿದ್ದು ಕಿವಿಗೆ ಬೀಳಲಿಲ್ಲ. ಈ ಹುಡುಗಿಗೆ ತಾನು ಮಾಡಿದ ಕೆಡುಕಾದರೂ ಏನು? ತನಗಿಂತ ಚೆನ್ನಾಗಿ ಕೆಲಸ ಬಲ್ಲವಳು ತನ್ನದೇ ಮನೆಯಿಂದ ಬಂದು ಪಕ್ಕದಲ್ಲಿ ನಿಲ್ಲಬಾರದು, ಅಷ್ಟೇ ತಾನೇ?

ಸಂಜೆ ಗಂಡನಿಗೆ ಹೇಳಿದಳು. ಸಲ್ಮಾನ ಕೆಟ್ಟವನಲ್ಲ, ಅಂಥವರಿಂದಲೇ ಹೆಚ್ಚು ತೊಂದರೆ. ಅವನು ಜೀಪಿನ ಗಾಜು ಒರೆಸುತ್ತಲೇ ಇದ್ದ.

"ತಂಗಿ ಆಕಿ. ಆಕಿ ದುಡಿಮಿ ಉಂಡೀವಿ. ನಾ ಏನಂತ ಜಗಳಾ ತಗೀಲಿ?"

"ಮತ್ತ ನನ್ನನ್ಯಾಕ ಅಲ್ಲಿಂದ ಬಿಡಿಸಿ ಕರಕೊಂಡ ಬಂದ್ರಿ?"

"ಮದುವಿ ಆದ ಮ್ಯಾಲೆ ಗಂಡನ ಊರಿಗೆ ಬರೂದಲ್ಲೇನು? ಕರಿಷ್ಮಾನೂ ನಾಳೆ ಹೋಗಾಕೀನ. ಆಕಿ ಹ್ವಾದ ಮ್ಯಾಲೆ ಮನಿ ಪಾಲಿನ ಕೆಲಸಾ ನಿಂದ. ಸ್ವಲ್ಪ ತಡಕೋ."

ಅವನು ಸಮಾಧಾನಕ್ಕೆಂದು ಹೇಳಿದ ಮಾತು. ಅವಳ ತಲೆಯಲ್ಲಿ ಅದು ಬೇರೆ ರೀತಿಯಲ್ಲಿ ಕೂತಿತು. ಅಲ್ಲಿಂದ ಮುಂದೆ ಕರಿಷ್ಮಾಗೆ ಗಂಡು ನೋಡುವ ಉಮೇದು ಮನೆಯಲ್ಲಿ ಎಲ್ಲರಿಗಿಂತ ಅವಳಿಗೇ ಹೆಚ್ಚಾಯಿತು. ಹಳಿಯಾಳದಿಂದ ಒಂದು ಸಂಬಂಧ ಬಂತು, ಹುಡುಗನಿಗೆ ವಯಸ್ಸು ಹೆಚ್ಚೆಂದು ಕರಿಷ್ಮಾ ಮೂಗು ಮುರಿದಳು. ಇನ್ನೊಂದು ಬಂತು, ಅವನ ಹಲ್ಲು ಸರಿಯಿಲ್ಲ ಅಂದಳು. ಶಬನಮ್ ಒಳಗೊಳಗೇ ಆ ಹಲ್ಲಿನ ಪರವಾಗಿ ವಾದ ಮಾಡಿದಳು.

ಆಮೇಲೆ ಬಂದದ್ದು ಇಂದೂರದ ಫಯಾಜನ ಸಂಬಂಧ. ಮುಂಡಗೋಡದಲ್ಲಿ ಟ್ರ್ಯಾಕ್ಟರು ರಿಪೇರಿಯ ಗ್ಯಾರೇಜು, ಸ್ವಂತ ಮನೆ, ನೋಡಲು ಲಕ್ಷಣವಾಗಿದ್ದ. ಕರಿಷ್ಮಾ ಅವನ ಫೋಟೊವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಒಂದೇ ಷರತ್ತು ಹಾಕಿದಳು, ಮದುವೆಯಾದ ಮೇಲೂ ತಾನು ಕೆಲಸ ಮಾಡುತ್ತೇನೆ ಎಂದು. ನಮ್ಮದೇನೂ ಅಡ್ಡಿ ಇಲ್ಲ ಎಂದು ಆ ಕಡೆಯಿಂದ ಫೋನು ಬಂತು. ಹೆಣ್ಣು ಒಪ್ಪುವ ತನಕ ಗಂಡಿನ ಕಡೆಯವರಿಗೆ ಯಾವುದರದೂ ಅಡ್ಡಿ ಇರುವುದಿಲ್ಲ.

ಸಿದ್ದಿ ಕೇರಿಗಳಾದ ಆ ವಾಡಾಗಳಲ್ಲಿ ಒಂದು ಪದ್ಧತಿ ಉಂಟು. ಬೇರೆ ಊರಿನ ಸಂಬಂಧ ಬಂದರೆ, ಆ ಊರಿನಿಂದ ಇಲ್ಲಿಗೆ ಸೊಸೆಯಾಗಿ ಬಂದವಳು ಯಾರಿದ್ದಾಳೋ ಅವಳನ್ನು ಕರೆದು ಕೂರಿಸಿ ಕೇಳುತ್ತಾರೆ. ಹಿಂದೂಗಳಿರಲಿ, ಕ್ರಿಶ್ಚಿಯನ್ನರಿರಲಿ, ಮುಸ್ಲಿಮರಿರಲಿ, ಸಿದ್ದಿಗಳಲ್ಲಿ ಇದು ನಡೆದೇ ಬಂದಿದೆ. ಬ್ರೋಕರನ ಮಾತು ಬೇಡ, ದೂರದ ನೆಂಟರ ಮಾತು ಬೇಡ, ಆ ಊರಿನ ಮಗಳು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಉಳಿದ ದಿನ ಅವಳ ಮಾತಿಗೆ ಮನೆಯಲ್ಲಿ ಕಿಲುಬು ಕಾಸಿನ ಬೆಲೆ ಇಲ್ಲದಿದ್ದರೂ ಸರಿ, ಆವತ್ತು ಒಂದು ದಿನ ಅವಳ ನಾಲಗೆಯ ಮೇಲೆ ಒಂದು ಹುಡುಗಿಯ ಬಾಳು ಇರುತ್ತದೆ.

ಜುಮ್ಮಾ ನಮಾಜು ಮುಗಿದ ಮೇಲೆ ಹಿರಿಯರು ಪಡಸಾಲೆಯಲ್ಲಿ ಕೂತರು. ಇನಾಸನೂ ಬಂದಿದ್ದ. ಅತ್ತೆ ಅವತ್ತು ಸೊಸೆಯನ್ನು ಕುರ್ಚಿಯ ಮೇಲೆ ಕೂರಿಸಿದಳು. ಆ ಮನೆಗೆ ಬಂದ ಮೇಲೆ ಶಬನಮ್ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ನಿಮ್ಮೂರಾಂವ. ಹೆಂಗವಾ ಹುಡುಗ?" ಇನಾಸ ಕೇಳಿದ.

"ಕುಡಿಯೂದಿಲ್ರಿ ಚಾಚಾ. ದುಡೀತಾನ." ಅದು ನಿಜ.

"ಮನಿತನ?"

"ಉಣ್ಣಾಕ ತಿನ್ನಾಕ ಕೊರತಿ ಇಲ್ರಿ." ಅದೂ ನಿಜ.

ಹಿರಿಯರು ತಲೆಯಾಡಿಸಿದರು. ಶಬನಮ್ ಎದ್ದು ಹಿತ್ತಲಿಗೆ ಹೋಗಿ ತಂಬಿಗೆಯಲ್ಲಿ ನೀರು ಮೊಗೆದುಕೊಂಡು ಮುಖಕ್ಕೆ ಹಾಕಿಕೊಂಡಳು. ಆ ಹುಡುಗನ ಮನೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಫಯಾಜನ ಅಣ್ಣನ ಹೆಂಡತಿ ಮಹೆಜಬೀನ ಗೆಸ್ಟ್‌ಹೌಸಿನಲ್ಲಿ ಅವಳ ಜೊತೆಗಾತಿಯಾಗಿದ್ದವಳು. ನಗಲು ಶುರು ಮಾಡಿದರೆ ನಿಲ್ಲಿಸಲು ಬಾರದವಳು. ಮದುವೆಗೆ ಮೊದಲು ಅವಳಿಗೂ ಅವರು ಅಡ್ಡಿ ಇಲ್ಲ ಅಂದಿದ್ದರು. ಮದುವೆಯಾದ ವಾರಕ್ಕೇ ಕೆಲಸ ಬಿಡಿಸಿದರು. ಮೊಬೈಲು ಗಂಡನ ಜೇಬು ಸೇರಿತು. ಶಬನಮ್ ಒಮ್ಮೆ ನೋಡಲು ಹೋದಾಗ ಮಹೆಜಬೀನ ಕಿಟಕಿಯ ಸರಳಿನ ಹಿಂದೆ ನಿಂತು ಮಾತಾಡಿದಳು. ಕೆನ್ನೆಯ ಮೇಲೆ ಕಲೆ ಇತ್ತು. ಬಾಗಿಲ ಬಳಿ ಬಿದ್ದೆ ಅಂದಳು. ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದ ಕೂಡಲೇ ಕಿಟಕಿ ಹಾಕಿಕೊಂಡಳು. ಆ ಮನೆಯಲ್ಲಿ ಹೊಸ್ತಿಲು ದಾಟುವ ಹೆಂಗಸು ಇಲ್ಲ, ದಾಟಲು ಹೋದವಳಿಗೆ ಪೆಟ್ಟು. ಇದು ಇಂದೂರದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಮಾವಿನವಾಡಾದಲ್ಲಿ ಮಾತ್ರ ಒಬ್ಬಳಿಗೆ ಗೊತ್ತಿತ್ತು.

ಹಿಂದಿನಿಂದ ಕರಿಷ್ಮಾ ಬಂದಳು. ಅವಳ ಮುಖದ ಠೇಂಕಾರ ಎಲ್ಲೋ ಹೋಗಿತ್ತು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ಬಂದು ನಿಂತು ದನಿ ತಗ್ಗಿಸಿ ಕೇಳಿದಳು.

"ಭಾಬಿ, ಹಿರ್‍ಯಾರ ಮುಂದ ಹೇಳಿದ್ದು ಬ್ಯಾರೆ. ನನಗ ಖರೇ ಹೇಳ್ರಿ. ಆ ಮನಿಯಾಗ ಹೆಣ್ಮಕ್ಕಳನ್ನ ಕೆಲಸಕ್ಕ ಕಳಸ್ತಾರ?"

ಶಬನಮ್ ತಂಬಿಗೆ ಕೆಳಗಿಟ್ಟಳು.

"ಯಾಕಂದ್ರ ನನಗ ಮನಿಯಾಗ ಕುಂದ್ರೂದು ಆಗಂಗಿಲ್ರಿ ಭಾಬಿ. ಒಂದ ದಿನಾ ರಜಾ ಇದ್ದರ ತಲಿ ಕೆಟ್ಟಹೋಗ್ತೈತಿ. ಕುಂತ ಕುಂತ ಸತ್ತ ಹೋಗ್ತೇನಿ ನಾ."

ಆ ಒಂದು ಮಾತು ಅವಳು ಆಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಶಬನಮ್‌ಗೆ ನಿಜ ಬಾಯಿಯ ತನಕ ಬಂದಿತ್ತು. ಆದರೆ ಕುಂತು ಕುಂತು ಸಾಯುವುದು ಹೇಗಿರುತ್ತದೆ ಎಂದು ಈ ಹುಡುಗಿ, ಅದನ್ನು ದಿನಾ ಕಣ್ಣಾರೆ ನೋಡುತ್ತಿದ್ದವಳು, ಅದಕ್ಕೆ ಕಾರಣಳಾದವಳು, ತನಗೇ ತಿಳಿಸಿ ಹೇಳುತ್ತಿದ್ದಾಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

"ಕಳಸ್ತಾರ," ಅಂದಳು.

"ಮತ್ತ ಅವರ ದೊಡ್ಡ ಸೊಸಿ ಕೆಲಸಾ ಬಿಟ್ಟಾಳಂತಲ್ಲ?"

"ಮಹೆಜಬೀನನಾ? ಕೂಸಿನ ಸಲುವಾಗಿ ತಾನ ಬಿಟ್ಲು. ನಾ ಇದ್ದ ಜಾಗಾ ಇನ್ನೂ ಖಾಲಿ ಐತಂತ. ನಾ ಫೋನ್ ಮಾಡಿ ಹೇಳ್ತೇನಿ, ನೀ ಹೋದ ಕೂಡ್ಲೆ ತಗೋತಾರ."

ಕೇಳದೆ ಇದ್ದ ಸುಳ್ಳನ್ನೂ ಸೇರಿಸಿ ಹೇಳಿದ್ದಳು. ಕರಿಷ್ಮಾ ಅವಳ ಒದ್ದೆ ಕೈ ಹಿಡಿದು ಒತ್ತಿ, ಓಡಿ ಒಳಗೆ ಹೋದಳು. ಒಳಗಿನಿಂದ ಬಾಯಿ ಸಿಹಿ ಮಾಡುವ ಗದ್ದಲ ಕೇಳಿತು. ಶಬನಮ್ ಹಿತ್ತಲಲ್ಲೇ ನಿಂತು, ಹಿಡಿಸಿಕೊಂಡ ಕೈಯನ್ನು ಮತ್ತೊಮ್ಮೆ ತೊಳೆದುಕೊಂಡಳು.

ಮಳೆಗಾಲಕ್ಕೆ ಮುಂಚೆ ನಿಕಾ ಆಯಿತು. ಹುಡುಗಿಯನ್ನು ಕಳಿಸುವಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ಶಬನಮ್, ಮತ್ತು ಆ ಅಳು ನಾಟಕವಾಗಿರಲಿಲ್ಲ ಎನ್ನುವುದು ಅವಳಿಗೇ ಕಿರಿಕಿರಿಯಾಗಿತ್ತು. ಮುಂದಿನ ಸೋಮವಾರ ನೀಲಿ ಯೂನಿಫಾರ್ಮಿನ ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ದೊಡ್ಡದು ಮಾಡಿ ತೊಟ್ಟುಕೊಂಡು ಅವಳು ಕೆಲಸಕ್ಕೆ ಹೋದಳು.

ಕೆಲಸ! ಬೆಳಿಗ್ಗೆ ತಲೆ ಬಾಚಿ ಹೊರಗೆ ಬೀಳುವುದು, ಗೇಟಿನಲ್ಲಿ "ಏನವಾ ಶಬನಮ್" ಎಂದು ಒಬ್ಬರು ಹೆಸರು ಹಿಡಿದು ಕರೆಯುವುದು, ಮಧ್ಯಾಹ್ನ ನಾಲ್ಕು ಹೆಂಗಸರು ಕೂಡಿ ಡಬ್ಬಿ ಬಿಚ್ಚಿ ಗೆಸ್ಟುಗಳನ್ನು ಆಡಿಕೊಳ್ಳುವುದು. ಯಾರದೋ ಗಲೀಜು ಕೋಣೆಗೆ ಹೋಗಿ, ಹೊರಬರುವಾಗ ಅದು ಕನ್ನಡಿಯ ಹಾಗಿರುವುದು. ಅವಳು ಸುಖವಾಗಿದ್ದಳು. ಮೈಕೈ ನೋಯುವಷ್ಟು ಸುಖವಾಗಿದ್ದಳು. ಒಂದು ತಿಂಗಳಲ್ಲಿ ರೋಹಿತ ದೊಡ್ಡ ಕಾಟೇಜುಗಳನ್ನೂ ಅವಳಿಗೇ ಒಪ್ಪಿಸಿದ. ಮನೆಯಲ್ಲೂ ಈಗ ಅತ್ತೆ ಚಹಾ ಮಾಡಿ ಮುಚ್ಚಿಡುತ್ತಿದ್ದಳು.

ಕರಿಷ್ಮಾ ಮೊದಮೊದಲು ತನ್ನದೇ ಮೊಬೈಲಿನಿಂದ ಫೋನು ಮಾಡುತ್ತಿದ್ದಳು. "ಗೆಸ್ಟ್‌ಹೌಸಿಗೆ ಹೇಳಿದ್ರೇನ ಭಾಬಿ?" ಎಂದು ಕೇಳುತ್ತಿದ್ದಳು. ಹೇಳೇನಿ, ಹೇಳ್ತೇನಿ, ಅವರು ಊರಾಗಿಲ್ಲ ಎಂದು ಶಬನಮ್ ದಿನ ತಳ್ಳಿದಳು. ಆಮೇಲೆ ಫಯಾಜನ ಮೊಬೈಲಿನಿಂದ ಫೋನು ಬರತೊಡಗಿತು, ಚೆನ್ನಾಗಿದ್ದೇನೆ ಎಂದಷ್ಟೇ. ಆಮೇಲೆ ಅದೂ ನಿಂತಿತು. ಅತ್ತೆ, "ಹೊಸದಾಗಿ ಮದುವಿ ಆದಾವ್ರು, ತವರಮನಿ ಎಲ್ಲಿ ನೆನಪಿರ್ತೈತಿ," ಎಂದು ನಕ್ಕಾಗ ಶಬನಮ್ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ದಸರಾ ರಜೆಯ ಗದ್ದಲ. ಬೆಳಿಗ್ಗೆ ಕಾಟೇಜುಗಳು ಖಾಲಿಯಾಗಿ ಮಧ್ಯಾಹ್ನಕ್ಕೆ ಮತ್ತೆ ತುಂಬುತ್ತಿದ್ದವು. ಶಬನಮ್ ಟವೆಲುಗಳ ತಳ್ಳುಗಾಡಿ ಹಿಡಿದುಕೊಂಡು ಬರುತ್ತಿದ್ದಾಗ ಗೇಟಿನ ಬಳಿ ಇನಾಸ ಯಾರನ್ನೋ ಒಳಗೆ ಬಿಡುತ್ತಿದ್ದುದು ಕಾಣಿಸಿತು. ಬುರ್ಖಾದ ಹೆಂಗಸು. ಹತ್ತಿರ ಬಂದ ಮೇಲೆ ಗೊತ್ತಾಯಿತು, ಕರಿಷ್ಮಾ. ಇಳಿದುಹೋಗಿದ್ದಳು. ಕಾಲಲ್ಲಿ ಗಂಡಸರ ದೊಡ್ಡ ಹವಾಯಿ ಚಪ್ಪಲಿ.

"ನನ್ನ ಚಪ್ಪಲಿ ಅವರವ್ವ ಕಪಾಟಿನ್ಯಾಗ ಹಾಕಿ ಕೀಲಿ ಹಾಕ್ಯಾಳ," ಎಂದಳು ಕರಿಷ್ಮಾ, ಭಾಬಿ ಕೆಳಗೆ ನೋಡಿದ್ದನ್ನು ಕಂಡು. "ಇವು ಅವಂದು."

ಶಬನಮ್ ಗಾಡಿ ನಿಲ್ಲಿಸಿದಳು. "ಮನಿಗೆ ಹೋಗಿದ್ದೇನು?"

"ಇಲ್ಲ. ಅಮ್ಮ ತಿರುಗಿ ಕಳಸ್ತಾಳ. ಮೊದಲು ಇಲ್ಲಿ ಕೆಲಸಾ ಹಿಡೀತೇನಿ. ದುಡಿಯಾಕಿನ್ನ ಯಾರೂ ಹೊರಗ ಹಾಕೂದಿಲ್ಲ." ಅವಳು ಅಳುತ್ತಿರಲಿಲ್ಲ. "ಕಳಸ್ತಾರ ಅಂದಿದ್ರಿ."

"ಲಾಂಡ್ರಿ ಬ್ಯಾಡ ಅಂದಿದ್ದಿ ನೀ."

ಭಾಬಿಗೆ ಅದು ಗೊತ್ತಾಗಿದೆ ಎಂಬುದು ಕರಿಷ್ಮಾಗೆ ಈಗಷ್ಟೇ ಗೊತ್ತಾಯಿತು. "ಲಾಂಡ್ರಿ," ಎಂದಳು. "ಒಂದು ಲಾಂಡ್ರಿ ಸಲುವಾಗಿ."

ಆಫೀಸಿನಿಂದ ರೋಹಿತ ಹೊರಗೆ ಬಂದ. ಕರಿಷ್ಮಾಳನ್ನು ಕಂಡು ಅವನಿಗೆ ಖುಷಿಯೇ ಆಯಿತು. ಹಳೆಯ ಕೈ, ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬಲ್ಲವಳು, ಸೀಸನ್ನಿನಲ್ಲಿ ದೇವರೇ ಕಳಿಸಿದ ಹಾಗೆ.

"ಸರ್, ನಾ ವಾಪಸ್ ಬಂದೇನ್ರಿ. ಇವತ್ತಿಂದಾನ ಕೆಲಸಾ ಮಾಡ್ತೇನ್ರಿ."

"ನೀ ಬಂದ್ರ ನನಗ ಚಲೋನ ಐತಿ. ಆದ್ರ ಮನಿಗೊಂದು ಕೆಲಸಾ ನೋಡು. ಈಗ ಶಬನಮ್ ಇದ್ದಾಳ, ಬ್ಯಾರೆ ಜಾಗಾ ಖಾಲಿ ಇಲ್ಲ." ಅವನು ತಲೆ ಕೆರೆದುಕೊಂಡು ಇನಾಸನ ಕಡೆ ತಿರುಗಿದ. "ಇಂಥಾದಕ್ಕ ಊರಾಗ ಏನ ಮಾತಾಗೈತಿ ಇನಾಸ?"

ಇನಾಸ ಇಬ್ಬರು ಹೆಂಗಸರನ್ನೂ ನೋಡದೆ ಗೇಟಿನ ಚಿಲಕ ನೋಡುತ್ತ ಹೇಳಿದ. "ಮಗಳು ಗಂಡನ ಬಿಟ್ಟು ಇರಾಕಂತ ಬಂದ್ರ ಕೆಲಸಾ ಮಗಳದ್ರಿ. ನಾಕ ದಿನಾ ಊರಿಗಂತ ಬಂದಿದ್ರ ಸೊಸಿದು. ಮನಿಯಾವ್ರು ಹೇಳಬೇಕು."

"ನಾನ ಹೇಳಾಕತ್ತೇನಲ್ಲ ಚಾಚಾ, ಇರಾಕ ಬಂದೇನಿ."

"ನೀ ಹೇಳಿದ್ರ ಬರೂದಿಲ್ಲವಾ. ಸಿಟ್ಟಿನ್ಯಾಗ ಹೇಳೂದು, ನಾಳೆ ಗಂಡ ಬಂದು ಕರದ ಕೂಡ್ಲೆ ಹೋಗೂದು. ಎಷ್ಟ ನೋಡೇವಿ."

ರೋಹಿತನಿಗೆ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಹೊಸ ಗೆಸ್ಟುಗಳ ಕಾರು ರಸ್ತೆಯ ತಿರುವಿನಲ್ಲಿ ಹಾರ್ನು ಹಾಕಿತು. ಅವನು ಅವಸರದಲ್ಲಿ ಶಬನಮ್‌ಗೆ ಕೇಳಿದ:

"ನೀನ ಹೇಳವಾ. ನಿಮ್ಮ ಮನಿಯಾಗ ಮಾತಾಗಿರ್ಬೇಕಲ್ಲ. ಇರಾಕ ಬಂದಾಳೊ, ಊರಿಗೆ ಬಂದಾಳೊ?"

ಕರಿಷ್ಮಾ ಭಾಬಿಯ ಮುಖವನ್ನೇ ನೋಡಿದಳು. ಬೇಡಿಕೊಳ್ಳಲಿಲ್ಲ. ಬುರ್ಖಾದ ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳಷ್ಟೇ, ಭಾಬಿಗೆ ಮಾತ್ರ ಕಾಣುವ ಹಾಗೆ. ಮುಂಗೈಯಿಂದ ಮೊಣಕೈಯ ತನಕ ಹಸಿರುಗಟ್ಟಿದ ಪೆಟ್ಟಿನ ಗುರುತುಗಳಿದ್ದವು.

ಶಬನಮ್ ಅದನ್ನು ನೋಡಿದಳು. ಪೂರ್ತಿ ನೋಡಿದಳು. ಬಟ್ಟೆ ಅಂಗಡಿಯವನು ತನ್ನ ಹೊಟ್ಟೆಯನ್ನು ನೋಡಿದ್ದು, ಕ್ಯಾಂಟೀನಿನ ಸಾಲಿನಲ್ಲಿ ಎದೆಗೆ ಬಿದ್ದ ಮೊಣಕೈ, ಮನೆಯ ಒಲೆ, ಎಲ್ಲ ಒಟ್ಟಿಗೇ ಅವಳ ಕಣ್ಣಿಗೆ ಕಟ್ಟಿತು. ತಳ್ಳುಗಾಡಿಯ ಹಿಡಿಕೆಯನ್ನು ಬಿಡದೆ ಅವಳು ರೋಹಿತನಿಗೆ ಹೇಳಿದಳು:

"ಊರಿಗೆ ಬಂದಾಳ್ರಿ ಸರ್. ಹಬ್ಬಾ ಮುಗಿದ ಮ್ಯಾಲೆ ಹೋಗ್ತಾಳ."

"ಹಂಗ ಹೇಳು ಮತ್ತ," ಎಂದು ರೋಹಿತ ಕಾರಿನ ಕಡೆ ಓಡಿದ.

ಇನಾಸ ಗೇಟನ್ನು ಅಗಲಕ್ಕೆ ತೆರೆದ. ಕಾರು ಒಳಗೆ ಬರುವ ರಭಸಕ್ಕೆ ಶಬನಮ್ ಗಾಡಿಯನ್ನು ಗಕ್ಕನೆ ಹಿಂದೆ ಎಳೆದಾಗ ಮೇಲಿನ ಟವೆಲೊಂದು ಜಾರಿ ಮಣ್ಣಿನಂಗಳಕ್ಕೆ ಬಿತ್ತು. ಕರಿಷ್ಮಾ ಬಾಗಿ ಅದನ್ನು ಎತ್ತಿಕೊಂಡಳು. ಧೂಳು ಕೊಡವಿದಳು. ಗಲ್ಲದ ಕೆಳಗೆ ಹಿಡಿದು, ಉದ್ದಕ್ಕೆ ಮಡಿಚಿ, ಅಡ್ಡಕ್ಕೆ ಮೂರು ಮಡಿಕೆ ಹಾಕಿ, ಅಂಚು ಒಳಗೆ ಹೋಗುವಂತೆ ತಿರುಗಿಸಿ, ಆ ರಿಸಾರ್ಟಿನಲ್ಲಿ ಎಲ್ಲರಿಗೂ ಕಲಿಸುವ ಹಾಗೆಯೇ ಮಡಿಚಿದಳು. ಅದನ್ನು ಉಳಿದವುಗಳ ಮೇಲೆ ಇಡಲಿಲ್ಲ, ಒಗೆಯಲು ಹೋಗುವ ಬಟ್ಟೆಗಳ ಬುಟ್ಟಿಯಲ್ಲಿ ಇಟ್ಟಳು. ಆಮೇಲೆ ಆ ದೊಡ್ಡ ಚಪ್ಪಲಿಗಳನ್ನು ಎಳೆಯುತ್ತ ಗೇಟು ದಾಟಿ, ತವರುಮನೆಯ ದಾರಿ ಬಿಟ್ಟು ಬಸ್ಸಿನ ರಸ್ತೆಯ ಕಡೆ ನಡೆದಳು.